ಡೊಯ್ರಾನ್ ಗುಡ್ಡ ಬಿಟ್ಟುಕೊಡದ ಜನರಲ್ ವ್ಲಾದಿಮಿರ್ ವಾಜೊವ್: ಗೆದ್ದವರಾ, ಸೋತವರಾ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧ ಅಂದ ಕೂಡಲೇ ನಮಗೆ ಫ್ರಾನ್ಸಿನ ಕಂದಕಗಳು ನೆನಪಾಗುತ್ತವೆ. ಜಾಸ್ತಿ ಓದಿದವರಿಗೆ ಗಲಿಪೊಲಿ, ಮೆಸೊಪೊಟೇಮಿಯಾ. ಬಾಲ್ಕನ್ ಕಡೆ ಮೂರು ವರ್ಷ ನಡೆದ ಯುದ್ಧದ ಬಗ್ಗೆ ಕನ್ನಡದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅಲ್ಲಿನ ಒಬ್ಬ ಸೇನಾಪತಿಯ ವಿಷಯ ಕೆಲವು ತಿಂಗಳಿಂದ ಓದುತ್ತಿದ್ದೇನೆ. ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ವ್ಲಾದಿಮಿರ್ ವಾಜೊವ್. ಹುಟ್ಟಿದ್ದು 14 ಮೇ 1868, ಬಲ್ಗೇರಿಯಾದ ಸೋಪೋತ್ ಎಂಬ ಸಣ್ಣ ಊರಿನಲ್ಲಿ. ಆಗ ಆ ನಾಡು ಆಟೊಮನ್ ತುರ್ಕರ ಕೈಯಲ್ಲಿತ್ತು. 1877ರಲ್ಲಿ ರಷ್ಯಾ ಮತ್ತು ತುರ್ಕರ ಯುದ್ಧ ನಡೆಯುವಾಗ ಸೋಪೋತ್ ಸುಟ್ಟುಹೋಯಿತು. ಅಪ್ಪ ಮಿಂಚೊ ಕೊಲೆಯಾದರು. ಹುಡುಗನಿಗೆ ಆಗ ಒಂಬತ್ತು ವರ್ಷ. ತಾಯಿ ಸಬಾ ಮನೆಯ ಭಾರ ಹೊತ್ತರು.

ಆ ಮನೆಯೇ ಒಂದು ವಿಶೇಷ. ದೊಡ್ಡಣ್ಣ ಇವಾನ್ ವಾಜೊವ್ ಬಲ್ಗೇರಿಯಾದ ರಾಷ್ಟ್ರಕವಿ. ನಮ್ಮಲ್ಲಿ ಕುವೆಂಪು ಅಂದರೆ ಹೇಗೋ ಅಲ್ಲಿ ಅವರು ಹಾಗೆ. ಇನ್ನೊಬ್ಬ ಅಣ್ಣ ಗೆಯೋರ್ಗಿ ವಾಜೊವ್ ಕೂಡ ಸೇನಾಪತಿ. 1913ರ ಮಾರ್ಚ್‌ನಲ್ಲಿ ತುರ್ಕರ ಭಾರೀ ಕೋಟೆ ಏಡ್ರಿಯಾನೋಪಲ್ ಬಿದ್ದಾಗ ಪೂರ್ವ ದಿಕ್ಕಿನಿಂದ ನುಗ್ಗಿದ ಸೈನ್ಯ ಅವರದು. ವ್ಲಾದಿಮಿರ್ ಈ ಇಬ್ಬರಿಗೂ ತಮ್ಮ. ಇವರು ತೋಪಿನ ದಳದ ಅಧಿಕಾರಿ. 1912ರ ಬಾಲ್ಕನ್ ಯುದ್ಧದಲ್ಲಿ ಲುಲೆ ಬುರ್ಗಾಸ್, ಚತಾಲ್ಜಾ ಕಡೆ ಕಾದಾಡಿದ್ದರು.

ಆದರೆ ಹೆಸರು ಉಳಿದದ್ದು ಡೊಯ್ರಾನ್‌ನಿಂದ. ಅದೊಂದು ಸರೋವರ. ಇವತ್ತು ಗ್ರೀಸ್ ಮತ್ತು ಉತ್ತರ ಮ್ಯಾಸಿಡೋನಿಯಾದ ಗಡಿ ಅದರ ನೀರಿನ ಮೇಲೇ ಹಾದುಹೋಗುತ್ತದೆ. ಪಶ್ಚಿಮಕ್ಕೆ ಗುಡ್ಡಗಳ ಸಾಲು. ಗುಡ್ಡದ ಮೇಲೆ ಬಲ್ಗೇರಿಯಾದ 9ನೇ ಪ್ಲೆವೆನ್ ಡಿವಿಷನ್. ಕೆಳಗೆ ಬ್ರಿಟಿಷರು. 1917ರಲ್ಲಿ ಆ ಡಿವಿಷನ್ ವಾಜೊವ್ ಕೈಗೆ ಬಂತು. ಆ ವರ್ಷ ಏಪ್ರಿಲ್–ಮೇನಲ್ಲಿ ಬ್ರಿಟಿಷರು ಗುಡ್ಡ ಹತ್ತಲು ನೋಡಿದರು, ಆಗಲಿಲ್ಲ. 1918ರ ಸೆಪ್ಟೆಂಬರ್ 18 ಮತ್ತು 19ರಂದು ಗ್ರೀಕರನ್ನೂ ಜೊತೆಗೆ ಕರೆದುಕೊಂಡು ಬಂದರು. ಆಗಲೂ ಆಗಲಿಲ್ಲ. ಎರಡೇ ದಿನದಲ್ಲಿ ದಾಳಿ ಮಾಡಿದವರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 7,000ಕ್ಕೂ ಜಾಸ್ತಿ. ಬಲ್ಗೇರಿಯನ್ನರ ಕಡೆ ಸುಮಾರು 2,700.

ಇಷ್ಟಾದ ಮೇಲೆ ಎರಡು ದಿನಕ್ಕೆ ವಾಜೊವ್‌ಗೆ ಹಿಂದೆ ಸರಿಯುವ ಆಜ್ಞೆ ಬಂತು. ಹತ್ತು ದಿನಕ್ಕೆ ಬಲ್ಗೇರಿಯಾ ಶರಣಾಯಿತು. ತಾನು ಕಾಯುತ್ತಿದ್ದ ಗುಡ್ಡವನ್ನು ಶತ್ರುವಿಗೆ ಬಿಡದ ಮನುಷ್ಯ, ಯಾರೂ ಕಿತ್ತುಕೊಳ್ಳದ ಗುಡ್ಡದಿಂದ ತಾನಾಗಿ ಇಳಿದು ನಡೆಯಬೇಕಾಯಿತು.

ಇಂಥವರನ್ನು ಗೆದ್ದವರು ಅನ್ನಬೇಕಾ, ಸೋತವರು ಅನ್ನಬೇಕಾ? ನಿಮ್ಮ ಅಭಿಪ್ರಾಯ ಕೇಳಬೇಕು ಅನ್ನಿಸಿತು.

ತುಂಗಾತೀರ

ಒಳ್ಳೆಯ ವಿಷಯ ಎತ್ತಿದಿರಿ. ಒಂದು ಅನುಮಾನ. ಗುಡ್ಡ ಬಿದ್ದೇ ಇಲ್ಲ ಅಂದಮೇಲೆ ಹಿಂದೆ ಸರಿಯಿರಿ ಅಂತ ಯಾಕೆ ಹೇಳಿದರು? ಮೇಲಿನವರ ತಪ್ಪಾ?

ಹೊಂಗೆನೆರಳು

ತಪ್ಪು ಅನ್ನೋದು ಕಷ್ಟ. ಡೊಯ್ರಾನ್‌ನಿಂದ ಪಶ್ಚಿಮಕ್ಕೆ, ವಾರ್ದಾರ್ ನದಿಯ ಆಚೆ ಬೆಟ್ಟಗಳಲ್ಲಿ ಡೊಬ್ರೊ ಪೋಲೆ ಅನ್ನುವ ಜಾಗ ಇದೆ. ಸೆಪ್ಟೆಂಬರ್ 14ರಂದು ಅಲ್ಲಿ ಫ್ರೆಂಚರ ತೋಪುಗಳು ಶುರುವಾದವು. 15ಕ್ಕೆ ಫ್ರೆಂಚ್ ಮತ್ತು ಸೆರ್ಬಿಯನ್ ಪಡೆಗಳು ಸಾಲು ಒಡೆದು ಒಳಗೆ ಬಂದವು. ಸೆರ್ಬಿಯನ್ನರಿಗೆ ಅದು ಊರಿಗೆ ವಾಪಸ್ ಹೋಗುವ ದಾರಿ. ನಿಲ್ಲದೆ ನಡೆದರು. ಅವರು ವಾರ್ದಾರ್ ಕಣಿವೆಗೆ ಬಂದುಬಿಟ್ಟರೆ ಡೊಯ್ರಾನ್‌ನಲ್ಲಿರುವವರ ಬೆನ್ನ ಹಿಂದೆ ಬಂದ ಹಾಗೆ. ಮುಂಬಾಗಿಲು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೂ ಹಿತ್ತಲ ಗೋಡೆ ಬಿದ್ದಿತ್ತು. 21ರಂದು ಹೊರಡಬೇಕಾಯಿತು.

ಬ್ರಿಟಿಷರಿಗೆ ಗೊತ್ತಾದದ್ದು ಹೊಗೆ ನೋಡಿ. ಬಲ್ಗೇರಿಯನ್ನರು ಹೊರಡುವ ಮುಂಚೆ ಗೋದಾಮುಗಳಿಗೆ ಬೆಂಕಿ ಇಟ್ಟಿದ್ದರು. ವರ್ಷಗಟ್ಟಲೆ ಹತ್ತಲಾಗದ ಗುಡ್ಡವನ್ನು ಆಮೇಲೆ ಸುಮ್ನೆ ನಡೆದುಕೊಂಡು ಹತ್ತಿದರು.

ಗನ್ನರ್ ಕೊಡಗು

ನಾನು ಆರ್ಟಿಲರಿಯಲ್ಲಿ 17 ವರ್ಷ ಇದ್ದವನು. ದೇವಳಾಲಿಯಲ್ಲಿ ತರಬೇತಿ ಆದದ್ದು. ಆ ಕಣ್ಣಿನಿಂದ ಎರಡು ಮಾತು.

ನಮ್ಮ ಕೆಲಸದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಓಪಿ ಎಲ್ಲಿದೆ? ಓಪಿ ಅಂದರೆ ಶತ್ರುವನ್ನು ನೋಡುತ್ತಾ ಕೂರುವ ಜಾಗ. ತೋಪು ಗುಡ್ಡದ ಹಿಂದೆ ಇರುತ್ತದೆ, ಅದಕ್ಕೆ ಏನೂ ಕಾಣುವುದಿಲ್ಲ. ಕಾಣುವುದು ಓಪಿಯಲ್ಲಿ ಕೂತವನಿಗೆ. ಅವನು ಫೋನಿನಲ್ಲಿ ಹೇಳುತ್ತಾನೆ, ಇಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ. ಮೂರನೇ ಗುಂಡು ಸರಿಯಾದ ಜಾಗಕ್ಕೆ ಬೀಳಬೇಕು. ಡೊಯ್ರಾನ್ ನಕ್ಷೆ ತೆಗೆದು ನೋಡಿ. ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 150 ಮೀಟರ್ ಮೇಲೆ. ಅಲ್ಲಿಂದ ಗುಡ್ಡಗಳು ಸಟಕ್ಕನೆ ಏಳುತ್ತವೆ. ದೊಡ್ಡ ಗುಡ್ಡವನ್ನು ಬ್ರಿಟಿಷರು 'ಗ್ರ್ಯಾಂಡ್ ಕುರೊನೆ' ಅಂತ ಕರೆಯುತ್ತಿದ್ದರು. ಅದರ ಮೇಲಿದ್ದ ಬಲ್ಗೇರಿಯನ್ ಓಪಿಗೆ ಅವರು ಕರೆಯುತ್ತಿದ್ದದ್ದು 'ದೆವ್ವದ ಕಣ್ಣು'. ಕೆಳಗಿರುವ ಸಿಪಾಯಿ ಹಗಲಲ್ಲಿ ನೀರು ತರಲು ಎದ್ದರೂ ಆ ಕಣ್ಣಿಗೆ ಬೀಳುತ್ತಿದ್ದ. ಹೆಸರು ಇಟ್ಟವನಿಗೆ ಎಷ್ಟು ದಿನ ಆ ಕಣ್ಣಿನ ಕೆಳಗೆ ಇದ್ದ ಅನುಭವ ಇರಬೇಕು ಯೋಚಿಸಿ.

ವಾಜೊವ್ ತೋಪಿನವರು ಅನ್ನೋದು ಇಲ್ಲಿ ಮುಖ್ಯ. ಡಿವಿಷನ್ ಮೇಲಧಿಕಾರಿ ಕಾಲಾಳು ಪಡೆಯಿಂದ ಬಂದವನಾದರೆ ತೋಪನ್ನು ಸಹಾಯಕ್ಕೆ ಅಂತ ನೋಡುತ್ತಾನೆ. ಇವರು ಇಡೀ ಗುಡ್ಡವನ್ನೇ ತೋಪಿನ ಲೆಕ್ಕದಲ್ಲಿ ಜೋಡಿಸಿದರು. ಕಂದಕ ಒಂದೇ ಸಾಲಲ್ಲ, ಒಂದರ ಹಿಂದೆ ಒಂದು. ಕಾಂಕ್ರೀಟ್ ಬಂಕರ್. ಅವುಗಳ ನಡುವೆ ಓಡಾಡಲು ಅಗೆದ ದಾರಿ. ಮುಂದೆ ಮುಳ್ಳುತಂತಿ. ರಾತ್ರಿಗೆ ಸರ್ಚ್‌ಲೈಟ್.

1917ರ ಏಪ್ರಿಲ್ ದಾಳಿ ನೋಡಿ. 22ರಿಂದ ಬ್ರಿಟಿಷರು ಶೆಲ್ ಸುರಿದರು. ನಾಲ್ಕು ದಿನದಲ್ಲಿ ಸುಮಾರು 1 ಲಕ್ಷ ಶೆಲ್ ಅಂತ ಲೆಕ್ಕ. 24ರ ರಾತ್ರಿ ಕಾಲಾಳುಗಳು ಹೊರಟರು. ಕತ್ತಲು ತಮಗೆ ರಕ್ಷಣೆ ಅಂದುಕೊಂಡಿದ್ದರು. ಸರ್ಚ್‌ಲೈಟ್ ಬೆಳಗಿತು. ಅವರು ದಾಟಬೇಕಿದ್ದ ಕೊರಕಲಿನಲ್ಲಿ ಬಲ್ಗೇರಿಯನ್ ಶೆಲ್ ಬೀಳತೊಡಗಿತು. ಆ ಕೊರಕಲಿನ ದೂರವನ್ನು ಮೇಲಿನವರು ಮೊದಲೇ ಅಳೆದು ಇಟ್ಟುಕೊಂಡಿದ್ದರು ಅಂತ ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಹಾಗೆ ಮಾಡದೆ ಕತ್ತಲಲ್ಲಿ ಅಷ್ಟು ಕರಾರುವಾಕ್ಕಾಗಿ ಹೊಡೆಯಲು ಆಗುವುದಿಲ್ಲ. ಕೆಲವು ಕಡೆ ಬ್ರಿಟಿಷರು ಮೊದಲ ಸಾಲಿನ ಕಂದಕಕ್ಕೆ ಇಳಿದರು. ಬಲ್ಗೇರಿಯನ್ನರು ತಿರುಗಿ ಬಿದ್ದು ಹೊರಗೆ ಹಾಕಿದರು. ಮೇ 8ರಂದು ಮತ್ತೆ ಪ್ರಯತ್ನ. ಅದೇ ಕಥೆ. ಬ್ರಿಟಿಷರಿಗೆ 5,000ಕ್ಕೂ ಹೆಚ್ಚು ಸಾವುನೋವು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನೇರ. ಕೊಟ್ಟ ಜಾಗ ಹಿಡಿದ ಮೇಲಧಿಕಾರಿ ಗೆದ್ದವನೇ. ಪಕ್ಕದ ಡಿವಿಷನ್ ಬಿದ್ದದ್ದಕ್ಕೆ ಅವನು ಹೊಣೆ ಅಲ್ಲ.

ಮೇಷ್ಟ್ರ ಮಗಳು

ಗನ್ನರ್ ಸರ್, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ನನಗೆ ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ ಆಗುತ್ತಿದೆ. ನಾನು ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ.

ಆ ಗುಡ್ಡ ಬಲ್ಗೇರಿಯಾದ್ದಾ? 1915ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾ ಜರ್ಮನಿ, ಆಸ್ಟ್ರಿಯಾ ಜೊತೆ ಸೇರಿ ಸೆರ್ಬಿಯಾ ಮೇಲೆ ಬಿತ್ತು. ಮ್ಯಾಸಿಡೋನಿಯಾ ಹಿಡಿದುಕೊಂಡದ್ದು ಹಾಗೆ. ಆಕ್ರಮಿಸಿದ ಸೆರ್ಬಿಯನ್ ನೆಲದಲ್ಲಿ ಜನ ದಂಗೆ ಎದ್ದರು. 1917ರ ಆರಂಭದಲ್ಲಿ ತೊಪ್ಲಿಕಾ ದಂಗೆ. ಅದನ್ನು ಬಹಳ ಕ್ರೂರವಾಗಿ ತುಳಿದರು. ಹಳ್ಳಿಗಳನ್ನು ಸುಟ್ಟರು. ಒಂದೇ ವರ್ಷ, ಒಂದೇ ದೇಶದ ಸೈನ್ಯ. ಡೊಯ್ರಾನ್‌ನಲ್ಲಿ ವೀರರು ಅನ್ನಿಸಿಕೊಂಡವರ ದೇಶದವರೇ ಅಲ್ಲಿ ಬೇರೆ ಮುಖ ತೋರಿಸಿದರು.

ವಾಜೊವ್ ಆ ದಂಗೆಯ ಕಡೆ ಇರಲಿಲ್ಲ, ಅವರ ಡಿವಿಷನ್ ಮುಂಚೂಣಿಯಲ್ಲಿತ್ತು, ಅದು ಗೊತ್ತು. ನಾನು ಅವರನ್ನು ದೂರುತ್ತಿಲ್ಲ. ಆದರೆ ಈ ಚರ್ಚೆಯಲ್ಲಿ ಈ ಮಾತು ಬರದೇ ಹೋದರೆ ಅನ್ಯಾಯ ಅನ್ನಿಸಿತು.

ಇನ್ನೊಂದು. ಡೊಯ್ರಾನ್ ಅನ್ನುವುದು ಊರು ಕೂಡ. ಸರೋವರದ ದಡದಲ್ಲಿದ್ದ ಹಳೆಯ ಊರು. ಎರಡೂ ಕಡೆಯ ತೋಪಿನ ನಡುವೆ ಸಿಕ್ಕಿ ನೆಲಸಮ ಆಯಿತು. ಅಲ್ಲಿನ ಮೀನುಗಾರರು ಚಳಿಗಾಲದಲ್ಲಿ ಹಕ್ಕಿಗಳ ಸಹಾಯದಿಂದ ಮೀನು ಹಿಡಿಯುತ್ತಿದ್ದರು. ಜೊಂಡಿನಿಂದ ದೊಡ್ಡ ಆವರಣ ಕಟ್ಟುವುದು, ನೀರುಕಾಗೆಗಳನ್ನು ಬಿಟ್ಟು ಮೀನನ್ನು ಅದರೊಳಗೆ ಓಡಿಸುವುದು. ತಲೆಮಾರುಗಳಿಂದ ಬಂದ ಕಸುಬು. ಆ ಜನ ಎಲ್ಲಿಗೆ ಹೋದರು ಅಂತ ಯಾವ ಸೇನಾಪತಿಯ ಜೀವನಚರಿತ್ರೆಯೂ ಹೇಳುವುದಿಲ್ಲ.

ಹೊಂಗೆನೆರಳು

ಮೇಡಂ, ನೀವು ಹೇಳಿದ್ದು ಪೂರ್ತಿ ನಿಜ. ನಾನು ಬರೆಯುವಾಗ ಊರಿನ ಮಾತು ಬಿಟ್ಟೇಬಿಟ್ಟಿದ್ದೆ. ಬಿಡಬಾರದಿತ್ತು.

ಬಲ್ಗೇರಿಯನ್ನರು ಯಾಕೆ ಯುದ್ಧಕ್ಕೆ ಇಳಿದರು ಅನ್ನುವುದನ್ನೂ ಸೇರಿಸುತ್ತೇನೆ. ಸಮರ್ಥನೆಗೆ ಅಲ್ಲ, ಅರ್ಥ ಆಗಲಿ ಅಂತ. 1912ರಲ್ಲಿ ಬಲ್ಗೇರಿಯಾ, ಸೆರ್ಬಿಯಾ, ಗ್ರೀಸ್, ಮಾಂಟೆನೆಗ್ರೊ ಒಟ್ಟಾಗಿ ತುರ್ಕರನ್ನು ಓಡಿಸಿದವು. ಗೆದ್ದ ನೆಲ ಹಂಚಿಕೊಳ್ಳುವಾಗ ಜಗಳ. ಆಸ್ತಿ ಪಾಲಿನಲ್ಲಿ ಅಣ್ಣತಮ್ಮಂದಿರು ಮುರಿದುಕೊಂಡ ಹಾಗೆ. 1913ರಲ್ಲಿ ಬಲ್ಗೇರಿಯಾ ಹಳೆಯ ಮಿತ್ರರ ಮೇಲೇ ಕೈ ಮಾಡಿತು. ಸೋತಿತು. ಮ್ಯಾಸಿಡೋನಿಯಾದ ಬಹುಪಾಲು ಸೆರ್ಬಿಯಾ ಮತ್ತು ಗ್ರೀಸ್ ಪಾಲಾಯಿತು. ಅಣ್ಣ ಗೆಯೋರ್ಗಿ ಗೆದ್ದ ಏಡ್ರಿಯಾನೋಪಲ್ ಕೂಡ ಕೆಲವೇ ತಿಂಗಳಲ್ಲಿ ತುರ್ಕರ ಕೈಗೆ ವಾಪಸ್ ಹೋಯಿತು. ಆ ಕಿಚ್ಚು 1915ಕ್ಕೆ ಮತ್ತೆ ಹೊತ್ತಿಕೊಂಡಿತು.

ಒಂದೇ ಮನೆಯ ಇಬ್ಬರು ಸೇನಾಪತಿಗಳು. ಇಬ್ಬರೂ ಯುದ್ಧಭೂಮಿಯಲ್ಲಿ ಗೆದ್ದದ್ದು ಆಮೇಲೆ ಕೈಬಿಟ್ಟು ಹೋಯಿತು. ಇದು ನನ್ನನ್ನು ಬಹಳ ಕಾಡುತ್ತದೆ.

ಮಲೆನಾಡ ಹುಡುಗಿ

ನಾನು ವೈದ್ಯಕೀಯ ಓದುತ್ತಿದ್ದೇನೆ. ಈ ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಮಲೇರಿಯಾ ಮೂಲಕ ಮಾತ್ರ! ಸಲೋನಿಕಾ (ಗ್ರೀಸ್‌ನ ಬಂದರು ಊರು) ಕಡೆ ಇದ್ದ ಬ್ರಿಟಿಷ್ ಸೈನ್ಯಕ್ಕೆ ಗುಂಡಿಗಿಂತ ಸೊಳ್ಳೆ ಜಾಸ್ತಿ ಹೊಡೆತ ಕೊಟ್ಟಿತು. ಮಲೇರಿಯಾದಿಂದ ಆಸ್ಪತ್ರೆ ಸೇರಿದ ಪ್ರಕರಣಗಳೇ 1,62,000ಕ್ಕೂ ಮೇಲೆ. ಎಲ್ಲಾ ಕಾಯಿಲೆ ಸೇರಿದರೆ 5 ಲಕ್ಷ ದಾಟುತ್ತದೆ. ಒಬ್ಬನೇ ಸಿಪಾಯಿ ಮೂರು ನಾಲ್ಕು ಸಲ ಮಲಗಿದ್ದೂ ಈ ಲೆಕ್ಕದಲ್ಲಿ ಇದೆ.

ವಾರ್ದಾರ್, ಸ್ಟ್ರುಮಾ ಕಣಿವೆಗಳು ಆಗ ಜೌಗು ನೆಲ. ನಮ್ಮ ಕಡೆ ಹಿರಿಯರು ಹೇಳುವ ಚಳಿಜ್ವರದ ಕಥೆಗಳೇ ಇವು. ಮಧ್ಯಾಹ್ನ ನಡುಕ ಶುರು, ಎರಡು ಕಂಬಳಿ ಹೊದ್ದರೂ ನಿಲ್ಲದು, ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಬೆವರು, ದಿನ ಬಿಟ್ಟು ದಿನ ಮತ್ತೆ. ಕ್ವಿನೈನ್ ಕೊಡುತ್ತಿದ್ದರು. ಕಹಿಗೆ ಉಗುಳುವವರೂ ಇದ್ದರು. ಇಂಥ ಮೈಯನ್ನು ಹೊತ್ತುಕೊಂಡು ಆ ಗುಡ್ಡ ಹತ್ತಲು ಬಂದವರು ಅವರು.

ಬಲ್ಗೇರಿಯನ್ನರು ಗುಡ್ಡದ ಮೇಲೆ ಇದ್ದರು, ಗಾಳಿ ಇತ್ತು, ಜೌಗು ದೂರ. ಎತ್ತರದಿಂದ ಅವರಿಗೆ ತೋಪಿಗೆ ಆದಷ್ಟೇ ಲಾಭ ಆರೋಗ್ಯಕ್ಕೂ ಆಗಿರಬೇಕು ಅಂತ ನನ್ನ ಅನಿಸಿಕೆ. ಆದರೂ ಕಣಿವೆಯಲ್ಲಿದ್ದ ಅವರ ಪಡೆಗಳನ್ನು ಜ್ವರ ಬಿಡಲಿಲ್ಲ.

ಬಯಲುಸೀಮೆ

ಕೆಳಗಿನಿಂದ ಬಂದವರ ಬಗ್ಗೆಯೂ ಒಂದು ಮಾತು ಬರಲಿ. 1918ರ ಸೆಪ್ಟೆಂಬರ್ 18ರ ಬೆಳಗ್ಗೆ 7ನೇ ಸೌತ್ ವೇಲ್ಸ್ ಬಾರ್ಡರರ್ಸ್ ಎಂಬ ಬೆಟಾಲಿಯನ್ ಗುಡ್ಡ ಹತ್ತಿತು. ಮೇಲಧಿಕಾರಿ ಲೆಫ್ಟಿನೆಂಟ್ ಕರ್ನಲ್ ಡೇನಿಯಲ್ ಬರ್ಜಸ್. ಅವರ ಸ್ವಂತ ಶೆಲ್‌ಗಳ ವಿಷಾನಿಲವೇ ತಗ್ಗಿನಲ್ಲಿ ನಿಂತಿತ್ತು. ಮುಖವಾಡ ಹಾಕಿಕೊಂಡೇ ಏರಬೇಕಾಯಿತು. ಮಂಜು, ಹೊಗೆ, ಧೂಳು. ಬರ್ಜಸ್ ಮುಂದೆ ಒಬ್ಬರೇ ಹೋಗಿ ದಾರಿ ನೋಡಿಕೊಂಡು ಬಂದು ತಮ್ಮವರನ್ನು ನಡೆಸಿದರು. ಮೊದಲ ಗಾಯ ಆದರೂ ನಿಲ್ಲಲಿಲ್ಲ. ಮತ್ತೆ ಎರಡು ಸಲ ಗುಂಡು ತಗುಲಿ ಪ್ರಜ್ಞೆ ತಪ್ಪಿ ಬಿದ್ದರು. ಬಲ್ಗೇರಿಯನ್ನರು ಸೆರೆ ಹಿಡಿದರು. ಆಮೇಲೆ ಅವರನ್ನು ಒಂದು ಬಂಕರ್‌ನಲ್ಲಿ, ಕಾಲು ನುಚ್ಚುನೂರಾಗಿದ್ದ ಸ್ಥಿತಿಯಲ್ಲಿ, ಹಾಗೇ ಬಿಟ್ಟು ಹೊರಟುಹೋದರು. ಬ್ರಿಟಿಷರು ಬಂದಾಗ ಜೀವ ಇತ್ತು. ಕಾಲು ಹೋಯಿತು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅವರ ಬೆಟಾಲಿಯನ್‌ನಲ್ಲಿ ಗಟ್ಟಿಯಾಗಿ ಉಳಿದವರು ಬೆರಳೆಣಿಕೆಯಷ್ಟು ಕಡಿಮೆ.

ನನಗೆ ಸಿಟ್ಟು ಬರುವುದು ಬ್ರಿಟಿಷ್ ಸೇನಾಪತಿ ಜಾರ್ಜ್ ಮಿಲ್ನ್ ಮೇಲೆ. 1917ರಲ್ಲಿ ಆಗಲಿಲ್ಲ ಅಂತ ಕಣ್ಣಾರೆ ನೋಡಿದ್ದರು. ಅದೇ ಗುಡ್ಡ, ಅದೇ ದಾರಿ, ಮತ್ತೆ ಹುಡುಗರನ್ನು ಕಳಿಸಿದರು.

ಗನ್ನರ್ ಕೊಡಗು

ಬಯಲುಸೀಮೆ ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಅಲ್ಲಿ ಎಲ್ಲರ ಮೇಲೆ ಫ್ರೆಂಚ್ ಸೇನಾಪತಿ ಫ್ರಾಂಶೆ ದೆಸ್ಪೆರೆ ಇದ್ದರು. ನಿಜವಾದ ಹೊಡೆತ ಡೊಬ್ರೊ ಪೋಲೆಯಲ್ಲಿ. ಡೊಯ್ರಾನ್‌ನಲ್ಲಿ ಬ್ರಿಟಿಷರ ಕೆಲಸ ಬಲ್ಗೇರಿಯನ್ನರು ಆ ಕಡೆಗೆ ಸಹಾಯ ಕಳಿಸದ ಹಾಗೆ ಹಿಡಿದಿಡುವುದು. ಕಟ್ಟಿಹಾಕುವ ದಾಳಿ ಅನ್ನಬಹುದು. ಅದು ನಿಜವಾದ ದಾಳಿಯ ಹಾಗೆ ಕಾಣದಿದ್ದರೆ ಯಾರೂ ನಂಬುವುದಿಲ್ಲ. ನಂಬಿಸಲು ಜೀವ ಕೊಡಬೇಕು. ಸೈನ್ಯದಲ್ಲಿ ಬಹಳ ಕಹಿ ಕೆಲಸ ಇದು.

ನನ್ನ ಮೊದಲ ಉತ್ತರವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ವಾಜೊವ್ ಗೆದ್ದರು, ನಿಜ. ಆದರೆ ಎದುರಿನವರು ಬಯಸಿದ್ದೂ ಒಂದಷ್ಟು ನಡೆಯಿತು. ಅವರ ಡಿವಿಷನ್ ಡೊಯ್ರಾನ್‌ನಲ್ಲೇ ಉಳಿಯಿತು.

ತುಂಗಾತೀರ

ಅಯ್ಯೋ, ಇದನ್ನು ಓದಿ ಮನಸ್ಸು ಭಾರ ಆಯಿತು. ಹಿಂದೆ ಸರಿದ ಮೇಲೆ ಅವರ ಸಿಪಾಯಿಗಳಿಗೆ ಏನಾಯಿತು?

ಹೊಂಗೆನೆರಳು

ಕೊಸ್ಟುರಿನೊ ಅನ್ನುವ ಕಿರಿದಾದ ಘಾಟಿಯಲ್ಲಿ ನಡೆದು ಹೋಗಬೇಕಿತ್ತು. ಗಾಡಿ, ಎತ್ತು, ಕುದುರೆ, ತೋಪು, ಗಾಯಾಳುಗಳು ಎಲ್ಲಾ ಒಂದೇ ದಾರಿಯಲ್ಲಿ. ಬ್ರಿಟಿಷ್ ವಿಮಾನಗಳು ಮೇಲಿಂದ ಬಾಂಬ್ ಹಾಕಿದವು, ಮಷಿನ್ ಗನ್‌ನಿಂದ ಹೊಡೆದವು. ಗುಡ್ಡದ ಮೇಲೆ ಎರಡು ದಿನದ ದಾಳಿಯಲ್ಲಿ ಉಳಿದುಕೊಂಡವರು ಎಷ್ಟೋ ಜನ ಆ ದಾರಿಯಲ್ಲಿ ಸತ್ತರು.

ಬೇರೆ ಡಿವಿಷನ್‌ಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಊಟ ಸರಿ ಇಲ್ಲ, ಬಟ್ಟೆ ಹರಿದಿದೆ, ಮನೆಯಿಂದ ಬರುವ ಕಾಗದದಲ್ಲೆಲ್ಲಾ ಹಸಿವಿನ ಸುದ್ದಿ. ರೈತರ ಮಕ್ಕಳು ಅವರು. 1912ರಿಂದ ಮೂರು ಯುದ್ಧ. ಸಾವಿರಾರು ಮಂದಿ ಬಂದೂಕು ಹಿಡಿದೇ ರಾಜಧಾನಿ ಸೋಫಿಯಾ ಕಡೆ ಹೊರಟರು. ರಾದೊಮಿರ್ ಊರಿನಲ್ಲಿ ಸೆಪ್ಟೆಂಬರ್ 27ರಂದು ಗಣರಾಜ್ಯ ಘೋಷಿಸಿದರು. 29ರಂದು ಸಲೋನಿಕಾದಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಅಕ್ಟೋಬರ್ 3ಕ್ಕೆ ರಾಜ ಫರ್ಡಿನಾಂಡ್ ಮಗ ಬೋರಿಸ್‌ಗೆ ಪಟ್ಟ ಬಿಟ್ಟು ದೇಶ ಬಿಟ್ಟರು.

ಹಾಗಾಗಿ 9ನೇ ಡಿವಿಷನ್ ಆ ಸೆಪ್ಟೆಂಬರ್‌ನಲ್ಲೂ ಒಡೆಯದೆ ನಿಂತದ್ದು ಸಣ್ಣ ಮಾತಲ್ಲ. ಕಾಂಕ್ರೀಟ್ ಒಂದರಿಂದ ಅದು ಆಗುವುದಿಲ್ಲ. ಮೇಲಿರುವವನು ನಮ್ಮನ್ನು ಸುಮ್ಮನೆ ಸಾಯಿಸುವುದಿಲ್ಲ ಅನ್ನುವ ನಂಬಿಕೆ ಸಿಪಾಯಿಗೆ ಇರಬೇಕು. ವಾಜೊವ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಬಯಲುಸೀಮೆ

ಅದೇ ವಾರ ನಮ್ಮವರು ಎಲ್ಲಿದ್ದರು ಗೊತ್ತಾ? ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಹೈಫಾ ಊರನ್ನು ಕುದುರೆ ಮೇಲೆ ನುಗ್ಗಿ ಗೆದ್ದರು. ಡೊಯ್ರಾನ್ ಗುಡ್ಡ ಖಾಲಿಯಾದ ಎರಡೇ ದಿನಕ್ಕೆ. ಎದುರಿಗಿದ್ದದ್ದು ತುರ್ಕರು, ಅಂದರೆ ಬಲ್ಗೇರಿಯಾದ ಮಿತ್ರರು. ಬಲ್ಗೇರಿಯಾ ಸಹಿ ಹಾಕಿದ ಮೇಲೆ ಜರ್ಮನಿಗೂ ತುರ್ಕಿಗೂ ನಡುವಿನ ರೈಲು ದಾರಿ ಕಡಿಯಿತು. ಒಂದು ತಿಂಗಳಿಗೆ, ಅಕ್ಟೋಬರ್ 30ಕ್ಕೆ, ತುರ್ಕರೂ ಸಹಿ ಹಾಕಿದರು. ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಡೊಯ್ರಾನ್ ಮತ್ತು ಹೈಫಾ ಒಂದೇ ವಾರದ ಎರಡು ಕೊನೆಗಳು ಅಂತ ಈಗ ಹೊಳೆಯಿತು.

ಸಲೋನಿಕಾ ಕಡೆಗೂ ಭಾರತದವರು ಹೋಗಿದ್ದರು. ಹೇಸರಗತ್ತೆಯ ದಳದವರು, ಕೊನೆಯ ವರ್ಷ ಕಾಲಾಳುಗಳೂ ಇದ್ದರು. ಆ ಊರಿನಲ್ಲಿ ಮೊನಾಸ್ಟಿರ್ ರಸ್ತೆಯ ಭಾರತೀಯ ಸ್ಮಶಾನ ಈಗಲೂ ಇದೆ.

ಸೋಫಿಯಾದಿಂದ

ನಮಸ್ಕಾರ. ಕೆಲಸದ ಮೇಲೆ ನಾಲ್ಕು ವರ್ಷದಿಂದ ಸೋಫಿಯಾದಲ್ಲಿ ಇದ್ದೇನೆ. ಊರು ದಾವಣಗೆರೆ. ಕನ್ನಡದಲ್ಲಿ ವಾಜೊವ್ ಹೆಸರು ನೋಡಿ ಖುಷಿ ತಡೆಯಲಾಗಲಿಲ್ಲ.

ಇಲ್ಲಿ ಜನರಲ್ ವ್ಲಾದಿಮಿರ್ ವಾಜೊವ್ ಬುಲೆವಾರ್ಡ್ ಅಂತ ದೊಡ್ಡ ರಸ್ತೆಯೇ ಇದೆ. ನನ್ನ ಸಹೋದ್ಯೋಗಿಯ ಮನೆ ಆ ಕಡೆ. ಅವರ ಅಜ್ಜಿ ಒಂದು ಸಲ ಊಟಕ್ಕೆ ಕರೆದಾಗ ಕೇಳಿದೆ, ಈ ವಾಜೊವ್ ಯಾರು, ಕವಿಯಾ ಅಂತ. ಅಜ್ಜಿ ಕೈ ಒರೆಸಿಕೊಂಡು ಬಂದು ಕೂತು, ಕವಿ ಅಣ್ಣ, ಇವನು ಡೊಯ್ರಾನಿನವನು ಅಂದರು. ಅವರ ಅಪ್ಪನ ಅಪ್ಪ ಪ್ಲೆವೆನ್ ಡಿವಿಷನ್‌ನಲ್ಲಿ ಇದ್ದರಂತೆ. ಗೋಡೆಯ ಮೇಲೆ ಫೋಟೊ ಇದೆ. ದಪ್ಪ ಮೀಸೆ, ಕಾಲಿಗೆ ಬಟ್ಟೆ ಸುತ್ತಿ ಚರ್ಮದ ಹಗ್ಗ ಕಟ್ಟಿದ ಹಳ್ಳಿಯ ಪಾದರಕ್ಷೆ. ಬೂಟು ಕೂಡ ಇಲ್ಲ. ಆ ಪಾದರಕ್ಷೆಯನ್ನು ನೋಡಿದ ಮೇಲೆ ನನಗೆ ಈ ಯುದ್ಧ ಬೇರೆ ಥರ ಕಾಣತೊಡಗಿತು.

ನೀವು ಯಾರೂ ಹೇಳದ ಒಂದು ವಿಷಯ. ಯುದ್ಧದ ನಂತರ ವಾಜೊವ್ 1926ರಿಂದ 1932ರವರೆಗೆ ಸೋಫಿಯಾದ ಮೇಯರ್. ಆಗ ಈ ಊರು ನಿರಾಶ್ರಿತರಿಂದ ತುಂಬಿತ್ತು. ಯುದ್ಧದ ನಂತರದ ಶಾಂತಿ ಒಪ್ಪಂದವಾದ 1919ರ ನ್ಯೋಯಿ ಒಪ್ಪಂದದಲ್ಲಿ ಬಲ್ಗೇರಿಯಾ ಏಜಿಯನ್ ಸಮುದ್ರದ ದಡವನ್ನೇ ಕಳೆದುಕೊಂಡಿತು. 225 ಕೋಟಿ ಚಿನ್ನದ ಫ್ರಾಂಕ್ ದಂಡ. ಸೈನ್ಯ 20,000ಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಕಳೆದುಹೋದ ಪ್ರದೇಶಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ರಾಜಧಾನಿಗೆ ಬರುತ್ತಿದ್ದರು. ಇರಲು ಮನೆ ಇಲ್ಲ, ಕುಡಿಯಲು ನೀರು ಸಾಲದು.

ಆ ಕಾಲದ ದೊಡ್ಡ ಕೆಲಸ ರಿಲಾ ಬೆಟ್ಟದಿಂದ ಸೋಫಿಯಾಗೆ ನೀರು ತರುವ ಕೊಳವೆ. ವಾಜೊವ್ ಕಾಲಕ್ಕಿಂತ ಮುಂಚೆ ಶುರುವಾಗಿ, ಅವರ ಅವಧಿಯ ಉದ್ದಕ್ಕೂ ನಡೆದು, 1933ರಲ್ಲಿ ನೀರು ಬಂತು. ಅವರು ಕುರ್ಚಿ ಬಿಟ್ಟ ಮಾರನೇ ವರ್ಷ. ಆ ಕೆಲಸ ನಡೆಸಿದ ಎಂಜಿನಿಯರ್ ಇವಾನ್ ಇವಾನೊವ್ ಮುಂದೆ ತಾವೇ ಮೇಯರ್ ಆದರು. ನಾನು ದಿನಾ ನಲ್ಲಿ ತಿರುಗಿಸಿ ನೇರ ಕುಡಿಯುವ ನೀರು ಅದು. ಚಳಿಗಾಲದಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ.

ಮೇಷ್ಟ್ರ ಮಗಳು

ಸೋಫಿಯಾದ ಅಣ್ಣ, ಇದು ಗೊತ್ತಿರಲಿಲ್ಲ. ಯುದ್ಧ ಸೋತ ದೇಶದಲ್ಲಿ ಸೇನಾಪತಿಯಾಗಿದ್ದವರು ನೀರು, ರಸ್ತೆ, ಶಾಲೆ ಅಂತ ಕೂತರು ಅನ್ನುವುದು ನನಗೆ ಡೊಯ್ರಾನ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಆ ಕಾಲದಲ್ಲಿ ಎಷ್ಟು ಸೇನಾಧಿಕಾರಿಗಳು ಸೇಡು, ಕ್ಷಿಪ್ರಕ್ರಾಂತಿ ಅಂತ ಹೋದರು! ಬಲ್ಗೇರಿಯಾದಲ್ಲೇ 1923ರಲ್ಲಿ ಪ್ರಧಾನಿ ಸ್ತಂಬೊಲೀಸ್ಕಿಯನ್ನು ಇಳಿಸಿ ಕೊಂದರಲ್ವಾ.

ತುಂಗಾತೀರ

ಬ್ರಿಟಿಷರು ಇವರನ್ನು ಲಂಡನ್‌ಗೆ ಕರೆಸಿ ಗೌರವಿಸಿದರು ಅಂತ ಎಲ್ಲೋ ಓದಿದ ನೆನಪು. ನಿಜಾನಾ?

ಸೋಫಿಯಾದಿಂದ

ನಿಜ. 1936ರಲ್ಲಿ. ಬ್ರಿಟಿಷ್ ಮಾಜಿ ಸೈನಿಕರ ಸಂಘ ಹಳೆಯ ಯೋಧರ ಸಮಾವೇಶಕ್ಕೆ ಆಹ್ವಾನಿಸಿತ್ತು. ಬಲ್ಗೇರಿಯಾದ ತಂಡದ ಜೊತೆ ವಾಜೊವ್ ಹೋದರು. ಆಗ 68 ವರ್ಷ. ಎದುರಿಗೆ ಬಂದವರಲ್ಲಿ ಜಾರ್ಜ್ ಮಿಲ್ನ್ ಇದ್ದರು. ಅದೇ ಮಿಲ್ನ್, ಡೊಯ್ರಾನ್ ಮೇಲೆ ಸೈನ್ಯ ಕಳಿಸಿದವರು. ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಡೊಯ್ರಾನ್‌ನಲ್ಲಿ ಕಾದಿದ ರೆಜಿಮೆಂಟ್‌ಗಳ ಬಾವುಟಗಳನ್ನು ಅವರ ಮುಂದೆ ತಗ್ಗಿಸಿದರು ಅಂತ ಇಲ್ಲಿ ಇವತ್ತಿಗೂ ಹೇಳುತ್ತಾರೆ. ಆ ಅಜ್ಜಿ ಇದನ್ನು ಹೇಳುವಾಗ ಕೈಯನ್ನು ಬಾವುಟದ ಹಾಗೆ ಮಾಡಿ ಮೆಲ್ಲಗೆ ಮೇಜಿನ ಮೇಲೆ ಇಳಿಸಿ ತೋರಿಸಿದರು. ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಗನ್ನರ್ ಕೊಡಗು

ಇದನ್ನು ಓದಿ ಮೈ ಜುಂ ಅಂದಿತು. ಬಾವುಟ ತಗ್ಗಿಸುವುದು ಅಂದರೆ ಏನು ಅಂತ ಯೂನಿಫಾರ್ಮ್ ಹಾಕಿದವರಿಗೆ ಗೊತ್ತು. ಅದನ್ನು ಕೇಳಿ ಪಡೆಯಲು ಆಗುವುದಿಲ್ಲ.

ಮಲೆನಾಡ ಹುಡುಗಿ

ಕೊನೆಗಾಲ ಹೇಗಿತ್ತು ಅವರದು?

ಹೊಂಗೆನೆರಳು

ಕಷ್ಟದ್ದು. 1944ರ ಸೆಪ್ಟೆಂಬರ್ 9ರಂದು ಬಲ್ಗೇರಿಯಾದಲ್ಲಿ ಆಡಳಿತ ಬದಲಾಗಿ ಕಮ್ಯುನಿಸ್ಟರ ಕೈ ಮೇಲಾಯಿತು. ಸೋವಿಯತ್ ಸೈನ್ಯ ದೇಶದೊಳಗೆ ಇತ್ತು. ಹಳೆಯ ಸರ್ಕಾರದ ಮಂತ್ರಿಗಳು, ಅಧಿಕಾರಿಗಳು, ಸೇನಾಪತಿಗಳಿಗೆ ಅದು ಭಯದ ಚಳಿಗಾಲ. ಮೇಯರ್ ಇವಾನೊವ್ ಕೂಡ ಜೈಲಿಗೆ ಹೋದರು. ವಾಜೊವ್ ತೆತೆವೆನ್ ಹತ್ತಿರದ ರಿಬಾರಿತ್ಸಾ ಎಂಬ ಬೆಟ್ಟದ ಹಳ್ಳಿಯಲ್ಲಿ 20 ಮೇ 1945ರಂದು ತೀರಿಕೊಂಡರು. 77 ತುಂಬಿ ಆರು ದಿನ.

ಆಮೇಲೆ ನಲವತ್ತೈದು ವರ್ಷ ಅವರ ಹೆಸರು ಜೋರಾಗಿ ಕೇಳಿಬರಲಿಲ್ಲ. ಅಣ್ಣ ಕವಿ, ಅವರ ಪುಸ್ತಕಗಳನ್ನು ಶಾಲೆಯಲ್ಲಿ ಓದಿಸುತ್ತಲೇ ಇದ್ದರು. ತಮ್ಮನ ಯುದ್ಧ ಮಾತ್ರ ಹಿಂದಕ್ಕೆ ಸರಿಯಿತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಜನ ಮತ್ತೆ ಮಾತಾಡತೊಡಗಿದರು.

ಬಯಲುಸೀಮೆ

ಸೋಫಿಯಾ ಅಣ್ಣ, ಡೊಯ್ರಾನ್‌ಗೆ ಹೋಗಿದ್ದೀರಾ? ನೋಡಲು ಏನಿದೆ?

ಸೋಫಿಯಾದಿಂದ

ಹೋದ ವರ್ಷ ಮೇ ತಿಂಗಳಲ್ಲಿ ಹೋಗಿದ್ದೆ. ಇಲ್ಲಿಂದ ಬೆಳಗ್ಗೆ ಬೇಗ ಹೊರಟು, ಗಡಿ ದಾಟಿ, ಸ್ಟ್ರುಮಿತ್ಸಾ ಮೇಲೆ ಇಳಿದರೆ ಸರೋವರ. ಹೋಗುವಾಗ ಕೊಸ್ಟುರಿನೊ ಕಡೆಯೇ ಬಂದೆ. ಈಗ ಒಳ್ಳೆ ಟಾರು ರಸ್ತೆ.

ಸರೋವರದ ಗ್ರೀಸ್ ಕಡೆ ಬ್ರಿಟಿಷರ ಸ್ಮಾರಕ ಇದೆ. ಸಮಾಧಿ ಕೂಡ ಸಿಗದ 2,000ಕ್ಕೂ ಹೆಚ್ಚು ಜನರ ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆ. ಕಂಬದ ಹತ್ತಿರ ಕಲ್ಲಿನ ಸಿಂಹಗಳು. ಕೆಳಗೆ ಸಮಾಧಿಗಳ ಸಾಲು, ಹುಲ್ಲು ಒಪ್ಪವಾಗಿ ಕತ್ತರಿಸಿದೆ. ಅಲ್ಲಿಂದ ಉತ್ತರಕ್ಕೆ ತಲೆ ಎತ್ತಿದರೆ ಗ್ರ್ಯಾಂಡ್ ಕುರೊನೆ. ಗನ್ನರ್ ಸರ್ ಹೇಳಿದ್ದು ಅಲ್ಲಿ ನಿಂತ ಕೂಡಲೇ ಅರ್ಥ ಆಗುತ್ತದೆ. ನಿಂತಿದ್ದ ಅಷ್ಟೂ ಹೊತ್ತು ಯಾರೋ ಮೇಲಿಂದ ನೋಡುತ್ತಿದ್ದಾರೆ ಅನ್ನಿಸಿತು.

ಮಾರನೇ ದಿನ ಮೇಲೆ ಹತ್ತಿದೆ. ಎರಡು ಗಂಟೆ ನಡಿಗೆ. ಮೊಣಕಾಲೆತ್ತರ ಮುಳ್ಳುಗಿಡ. ಬಂಡೆಯಲ್ಲಿ ಕೊರೆದ ಬಂಕರ್‌ಗಳು ಇನ್ನೂ ಇವೆ. ಒಂದರೊಳಗೆ ಬಗ್ಗಿ ಹೋದೆ. ತಂಪು, ಆಡಿನ ಹಿಕ್ಕೆಯ ವಾಸನೆ. ಒಂದು ಅಗಲವಾದ ಸೀಳು, ಅದರಿಂದ ಸರೋವರ ಪೂರ್ತಿ ಕಾಣುತ್ತದೆ. ದಡದಲ್ಲಿ ಜೊಂಡು, ನೀರಿನ ಮೇಲೆ ಎರಡು ದೋಣಿ, ಮೀನುಗಾರ ಬಲೆ ಎಳೆಯುತ್ತಿದ್ದ. ಅಷ್ಟು ದೂರದಿಂದಲೂ ಅವನ ಅಂಗಿ ಕೆಂಪು ಅಂತ ಗೊತ್ತಾಗುತ್ತಿತ್ತು.

ಮೇಷ್ಟ್ರ ಮಗಳು ಮೇಡಂ, ನೀವು ಹೇಳಿದ ಹಕ್ಕಿ ಮೀನುಗಾರಿಕೆ ಬಗ್ಗೆ ಕೆಳಗೆ ಹೋಟೆಲಿನವರನ್ನು ಕೇಳಿದೆ. ಚಳಿಗಾಲದಲ್ಲಿ ಬಾ ಅಂದರು. ಈ ಡಿಸೆಂಬರ್‌ನಲ್ಲಿ ರಜೆ ಸಿಕ್ಕರೆ ಹೋಗುತ್ತೇನೆ. ಫೋಟೊ ಇಲ್ಲೇ ಹಾಕುತ್ತೇನೆ.